ಪಾರೋದ ಫಾರ್ಮಿಗೆ ಒಂದು ಹೆಸರು

ಭೂತಾನಿನ ಬೆಟ್ಟಗಳನ್ನು ಇಡೀ ದಿನ ಸುತ್ತಿ, ಹಳೆಯ ಪಟ್ಟಣ ಪಾರೋದಲ್ಲಿ ಇಳಿದೆವು. ಕುಂದಾಪುರದ ಕಾಲೇಜು ಹುಡುಗಿಯರ ಹಿಸ್ಟರಿ ಫೀಲ್ಡ್ ಟ್ರಿಪ್ಪಿಗೆ ನಾನು ಲೇಡಿ ಎಸ್ಕಾರ್ಟ್, ರಿಟೈರ್ಡ್ ಟೀಚರ್. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ನನಗೆ ಹ್ಯಾಂಡ್‌ಬ್ಯಾಗೇ ಜೊತೆ.

ಹೋಟೆಲಿನ ಕೌಂಟರಿನಲ್ಲಿ ಮೊಣಕಾಲುದ್ದದ ನಿಲುವಂಗಿ ತೊಟ್ಟ ಮ್ಯಾನೇಜರ್ ಎಲ್ಲರಿಗೂ ಫಾರ್ಮ್ ಕೊಟ್ಟ. ಎಮರ್ಜೆನ್ಸಿ ಬಂದರೆ ಯಾರಿಗೆ ತಿಳಿಸಬೇಕು? ಹುಡುಗಿಯರು ಅಪ್ಪ, ಅಮ್ಮ ಎಂದು ಸರಸರ ಬರೆದು, ಕೀ ಹಿಡಿದು ಮೇಲೆ ಓಡಿದರು. ನನ್ನ ಪೆನ್ ಅಲ್ಲೇ ನಿಂತಿತು. ಅಕ್ಕ ತೀರಿಕೊಂಡ ಮೇಲೆ ನನಗೆ ಯಾರಿದ್ದಾರೆ? ಹೆಸರಿನ ಜಾಗ ಖಾಲಿ ಬಿಟ್ಟು, ನನ್ನ ಮನೆಯ ಲ್ಯಾಂಡ್‌ಲೈನ್ ನಂಬರನ್ನೇ ಬರೆದೆ.

"ಅಲ್ಲಿ ಯಾರು ಫೋನ್ ಎತ್ತುತ್ತಾರೆ, ಮ್ಯಾಡಮ್?" ಎಂದು ಮ್ಯಾನೇಜರ್ ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದ. ಬರೆದ ನಂಬರನ್ನು ಹೊಡೆದುಹಾಕಿದೆ.

ದಿನಾ ಬೆಳಿಗ್ಗೆ ನನ್ನ ಬಾಗಿಲು ತಟ್ಟುವವಳು ಮೀನು ಮಾರುವ ಗುಲಾಬಿ ಒಬ್ಬಳೇ. ಕೇಳದೆ ಅವಳ ಹೆಸರು ಹಾಕುವುದು ಬ್ಯಾಡ್ ಮ್ಯಾನರ್ಸ್ ಎಂದು ಫೋನ್ ಮಾಡಿದೆ.

"ಹ್ವಾಯ್ ಟೀಚರಮ್ಮ, ಎಲ್ ಹೋಯಿರಿ? ಮೂರ್ ದಿನ ಬಾಗ್ಲ್ ತಟ್ಟಿ ತಟ್ಟಿ ನನ್ ಕೈ ಸೋತ್ ಹೋಯ್ತ್! ಪಕ್ಕದ್ಮನೆಯರಿಗೂ ಗೊತ್ತಿಲ್ಲೆ ಅಂಬ್ರ್."

ಹೊರಡುವಾಗ ನಾನು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದವರು ಒಬ್ಬರಿದ್ದಾರೆಂದು ಹೊಳೆದೇ ಇರಲಿಲ್ಲ. ಸಾರಿ ಎಂದು, ಫಾರ್ಮಿನ ವಿಷಯ ತಿಳಿಸಿದೆ.



"ನನ್ ಹೆಸ್ರೇ ಬರ್ಕಣಿ," ಎಂದಳು ಗುಲಾಬಿ. "ಆರೆ ಅವ್ರ್ ಫೋನ್ ಮಾಡ್ರೆ ನಂಗೆ ಇಂಗ್ಲಿಷ್ ಬತ್ತಿಲ್ಲೆ. ಅದ್ಕೆ ನಿಮ್ಗ್ ಎಂತದೂ ಆಪುಕಾಗ, ಆಗೂದೇ ಬ್ಯಾಡ. ಸಮಾ ಮನಿಗ್ ಬನಿ."