ಸ್ಕ್ಯಾನರ್ ಗುಂಪಿನಲ್ಲಿ ಉಳಿದ ಹೆಸರು

ಅಜ್ಜಂಪುರದ ಬೆಳೆಗಾರರ ಸಂಘವೊಂದರಲ್ಲಿ ಎಲ್ಲರಿಗೂ ಸೇರಿ ಒಂದೇ ಲಿನಕ್ಸ್ ಕಂಪ್ಯೂಟರ್. ಅದನ್ನು ನೋಡಿಕೊಳ್ಳುತ್ತಿದ್ದವರು ನನ್ನ ಯಜಮಾನರು. ಒಬ್ಬೊಬ್ಬರಿಗೂ ಬೇರೆ ಬೇರೆ ಹೆಸರು, ಪಾಸ್‌ವರ್ಡ್ ಮಾಡಿಕೊಟ್ಟಿದ್ದರು. ಆದರೆ ‘ಸ್ಕ್ಯಾನರ್’ ಎಂಬ ಗುಂಪಿನಲ್ಲಿ ಹೆಸರಿದ್ದವರ ಮಾತನ್ನು ಮಾತ್ರ ಸ್ಕ್ಯಾನರ್ ಕೇಳುತ್ತಿತ್ತು. ಯಾರೋ ಜಾತಕ, ಇನ್ಯಾರೋ ಮಗಳ ಸೀಮಂತದ ಇಡೀ ಆಲ್ಬಮ್ ಸ್ಕ್ಯಾನ್ ಮಾಡಿದ ಮೇಲೆ ಯಜಮಾನರು ಆ ಗುಂಪಿನಲ್ಲಿ ತಮ್ಮದೊಂದೇ ಹೆಸರು ಉಳಿಸಿಕೊಂಡರು.

“ಸರ್ಕಾರಿ ದನ ಮೇಯೋ ಎಮ್ಮೆದೊಡ್ಡಿ ಕಾವಲಿಗೆ ಕಂಡಕಂಡೋರ ದನ ಬಿಡ್ತಾರೇನೇ?” ಎನ್ನುತ್ತಿದ್ದರು.

ಅವರು ತೀರಿಕೊಂಡರು. ಶಿವಗಣಾರಾಧನೆ ಮುಗಿಯುವ ಮೊದಲೇ ಅವರ ಕುರ್ಚಿ ಕಾರ್ಯದರ್ಶಿಗಳ ಕೋಣೆ ಸೇರಿತು; ಟೇಬಲ್ ಫ್ಯಾನು ಗುಮಾಸ್ತರ ಪಾಲಾಯಿತು. ಅವರ ಕೆಲಸಕ್ಕೆ ನನ್ನನ್ನು ತೆಗೆದುಕೊಂಡರು. ಯಜಮಾನರೇ ಇದನ್ನೆಲ್ಲ ಕಲಿಸಿದ್ದರಿಂದ, ಗುಂಪಿನಿಂದ ಅವರ ಹೆಸರು ತೆಗೆದು ಉಳಿದವರದ್ದು ಸೇರಿಸುತ್ತೇನೆ ಎಂದೆ.

“ವರ್ಷ ತುಂಬೋವರ್ಗೂ ಆ ಗುಂಪನ್ನೇ ಮುಟ್ಬೇಡ ಕಣಮ್ಮ,” ಎಂದರು ಕಾರ್ಯದರ್ಶಿಗಳು. “ಹೋದೋರ ಹೆಸ್ರು ಕಿತ್ತಾಕಿದ್ರೆ ಶ್ರೇಯಸ್ಸಲ್ಲ.”

ಕುರ್ಚಿಯ ವಿಷಯದಲ್ಲಿ ಈ ಶ್ರೇಯಸ್ಸು ಯಾರಿಗೂ ನೆನಪಾಗಿರಲಿಲ್ಲ.

ಹೀಗಾಗಿ ಎಲ್ಲರೂ ಯಜಮಾನರ ಹೆಸರಿನಲ್ಲೇ ಕಂಪ್ಯೂಟರಿನ ಒಳಗೆ ಹೋಗತೊಡಗಿದರು. ಅಷ್ಟೆಲ್ಲ ಕಾವಲು ಕಾದ ಮನುಷ್ಯ ಪಾಸ್‌ವರ್ಡ್ ಇಟ್ಟಿದ್ದು ನನ್ನ ಹೆಸರನ್ನು. ಗುಮಾಸ್ತರು ಮೊದಲ ಸಲಕ್ಕೇ ಊಹಿಸಿದರು. ಅದನ್ನು ಚೀಟಿಯಲ್ಲಿ ಬರೆದು ಗೋಡೆಗೆ, ಅವರ ಫೋಟೋದ ಕೆಳಗೇ, ಅಂಟಿಸಿದರು. ಸ್ಕ್ಯಾನ್ ಆದ ಪ್ರತಿ ಕಡತದ ಮೇಲೂ ಅವತ್ತವತ್ತಿನ ತಾರೀಕು, ಅವರ ಹೆಸರು. ಬದುಕಿದ್ದಾಗ ಜಾತಕ ತಡೆದವರು ಈಗ ದಿನವೂ ಜಾತಕ ಸ್ಕ್ಯಾನ್ ಮಾಡುತ್ತಿದ್ದರು. ಅವರನ್ನು ಈ ಚಾಕರಿಯಿಂದ ಬಿಡಿಸಿದರೆ ಸಾಕಿತ್ತು ನನಗೆ.

ಒಮ್ಮೆ ಕಡೂರಿನಿಂದ ತಪಾಸಣೆಗೆ ಬಂದವರು ಕಂಪ್ಯೂಟರಿನಲ್ಲಿ ಸಭೆಯ ನಡಾವಳಿಯ ಕಡತ ತೆರೆದು, ಮೇಲಿದ್ದ ಹೆಸರು ನೋಡಿದರು. “ನಿನ್ನೆ ಇದನ್ನ ಸ್ಕ್ಯಾನ್ ಮಾಡಿದೋರು ಯಾರ್ರೀ? ಕರೀರಿ.”

“ಬರಕ್ಕಾಗಲ್ಲ ಸಾರ್,” ಎಂದರು ಗುಮಾಸ್ತರು.

“ಯಾಕೆ, ರಜಾನಾ?”

ಗುಮಾಸ್ತರು ಗೋಡೆಯ ಫೋಟೋ ತೋರಿಸಿದರು.

ತಪಾಸಣೆಯವರು ಹೊರಟಿದ್ದೇ ತಡ, “ಇವತ್ತೇ ಕಿತ್ತಾಕಮ್ಮ,” ಎಂದರು ಕಾರ್ಯದರ್ಶಿಗಳು. ವರ್ಷ ಇನ್ನೂ ತುಂಬಿರಲಿಲ್ಲ.

ಮೊದಲು ಉಳಿದವರ ಹೆಸರು ಸೇರಿಸಿದೆ. ಅವರದನ್ನು ತೆಗೆಯುವ ಒಂದು ಸಾಲು ಬರೆದು, ಅಕ್ಷರ ಸರಿಯಿದೆಯೇ ಎಂದು ಎರಡು ಸಲ ಓದಿದೆ. ಇಷ್ಟು ದಿನ ಬೇಡಿದ್ದು ಇದನ್ನೇ. ಕೊನೆಗೆ ಎಂಟರ್ ಒತ್ತಿದೆ. ಖಂಡಿತಾ ತೆಗೆಯಲೇ ಎಂದು ಯಂತ್ರ ಕೇಳಲೂ ಇಲ್ಲ. ಸರಿಯಾಯಿತೇ ನೋಡಲು ಅವರ ಹೆಸರು ಬರೆದು, ಕೆಳಗೆ ನನ್ನ ಹೆಸರು ಬರೆದು ಒಳಗೆ ಹೋದೆ. ಸ್ಕ್ಯಾನರಿಗೆ ಅನುಮತಿ ಇಲ್ಲ ಎಂದು ಬಂತು.

ಚೀಟಿ ಕಿತ್ತೆ.

“ಅಕ್ಕಾ, ಈಗ ಯಾರ ಪಾಸ್‌ವರ್ಡ್ ಹಾಕ್ಲಿ?” ಎಂದರು ಗುಮಾಸ್ತರು.

“ನಿಮ್ದೇ ಹಾಕ್ರೀ.”

“ನಂದಾ? ಮರ್ತೇ ಹೋಯ್ತಲ್ಲ!”

ಅವರಿಗೆ ಹೊಸದೊಂದು ಮಾಡಿಕೊಟ್ಟೆ. ಚೀಟಿಯನ್ನು ಮಡಚಿ ಪರ್ಸಿಗೆ ಹಾಕಿಕೊಂಡು ಮನೆಗೆಂದು ತರೀಕೆರೆ ಬಸ್ಸಿಗೆ ಹೊರಟೆ.