ಮಂಡ್ಯ ಆದ ಮೇಲೆ ಮದ್ದೂರು

ಮೈಸೂರಿನ ಬಸ್ ನಿಲ್ದಾಣದಲ್ಲಿ ವಿಚಾರಣೆ ಕೌಂಟರಿನ ಕಿಂಡಿಯ ಹಿಂದೆ ಕೂತು ಜೀವಮಾನವೆಲ್ಲ ಜನರನ್ನು ಗದರಿದವಳು ನಾನು, ಸಾವಿತ್ರಿ. ನಾನು ಗದರಿದರೆ, ಬಸ್ಸು ಬಾರದೆ ಕಾದು ಸುಸ್ತಾದವನೂ ತಪ್ಪು ತನ್ನದೇ ಇರಬೇಕೆಂದು ಸುಮ್ಮನಾಗುತ್ತಿದ್ದ. ನಿವೃತ್ತಿಯಾದ ಮೇಲೆ ಗದರಲು ಯಾರೂ ಸಿಗದೆ ಸೊರಗಿಹೋಗಿದ್ದೆ. ಅಷ್ಟರಲ್ಲಿ ಐರ್ಲೆಂಡಿನಲ್ಲಿರುವ ಮಗಳು ಅನನ್ಯಾ ಬಸುರಿಯಾದಳು. ಒಂದು ಸೂಟ್‌ಕೇಸಿನಲ್ಲಿ ಸೀರೆ, ಇನ್ನೊಂದರಲ್ಲಿ ಬಜೆ ಬೇರು, ಬಾಣಂತಿ ಲೇಹ್ಯ ತುಂಬಿಕೊಂಡು ೨೦೨೦ರ ಜನವರಿಯಲ್ಲಿ ಡಬ್ಲಿನ್ ಪಕ್ಕದ ಸ್ವೋರ್ಡ್ಸ್‌ಗೆ ಬಂದಿಳಿದೆ.

ಏಪ್ರಿಲಿಗೆ ವಾಪಸ್ ಟಿಕೆಟ್ ಇತ್ತು. ಮಾರ್ಚಿನಲ್ಲಿ ಕೊರೊನಾ ಬಂದು ಎಲ್ಲದಕ್ಕೂ ಬೀಗ ಬಿತ್ತು. ವಿಮಾನ ನಿಲ್ದಾಣದ ಪಕ್ಕದ ಊರು, ತಲೆಯ ಮೇಲೆ ಒಂದು ವಿಮಾನವೂ ಇಲ್ಲ. ಊರಿನಿಂದ ಫೋನು ಮಾಡಿದವರೆಲ್ಲ "ಪಾಪ, ಸಿಕ್ಕಾಕೊಂಡ್ರಲ್ಲಾ" ಎಂದು ಮರುಗುತ್ತಿದ್ದರು. ನಾನೂ ಒಂದು ನಿಟ್ಟುಸಿರು ಬಿಡುತ್ತಿದ್ದೆ. ನಿಜ ಹೇಳಬೇಕೆಂದರೆ ಒಳಗೊಳಗೇ ಸಕ್ಕರೆ ತಿಂದಷ್ಟು ಖುಷಿ. ಆಗಷ್ಟೇ ಹುಟ್ಟಿದ ಮೊಮ್ಮಗಳು ಇಳಾ ನನ್ನ ಮಡಿಲಿನಲ್ಲಿದ್ದಳು, ಉಳಿದ ಪ್ರಪಂಚ ಬಾಗಿಲ ಹೊರಗಿತ್ತು.

ಇಳಾ ನನ್ನ ಕಾಲ ಮೇಲೆ ಮಾತ್ರ ಮಲಗುತ್ತಿದ್ದಳು. ಕಾಲು ಚಾಚಿ, ಅದರ ಮೇಲೆ ಮಗುವನ್ನು ಮಲಗಿಸಿ ಪಾದ ಅಲ್ಲಾಡಿಸುತ್ತಿದ್ದೆ. ನನಗೆ ಲಾಲಿ ಹಾಡು ಬರುವುದಿಲ್ಲ, ಬರುವುದು ಬಸ್ಸಿನ ರೂಟು. "ಮೈಸೂರು, ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ, ಕೆಂಗೇರಿ" ಎಂದು ರಾಗವಾಗಿ ಹೇಳಿದರೆ ಬಿಡದಿ ಬರುವಷ್ಟರಲ್ಲಿ ನಿದ್ದೆ. ಅನನ್ಯಾ ಎತ್ತಿಕೊಂಡರೆ ಅಳು. ಅವಳಿಗೆ ಬರುವುದಿಲ್ಲ ಎಂದು ನಾನು ಊರಿಗೆಲ್ಲ ಹೇಳಿದ್ದೆ. ಮಗು ಎರಡು ಸಲ ಮುಲುಗುವಷ್ಟರಲ್ಲಿ "ಹಾಗಲ್ಲ ಕಣೇ, ಕೊಡಿಲ್ಲಿ" ಎಂದು ನಾನೇ ಕಿತ್ತುಕೊಳ್ಳುತ್ತಿದ್ದೆ ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಆಗಸ್ಟಿನಲ್ಲಿ ಜನರನ್ನು ವಾಪಸ್ ಕರೆದೊಯ್ಯುವ ವಿಮಾನವೊಂದರಲ್ಲಿ ನನಗೆ ಸೀಟು ಸಿಕ್ಕಿತು, ಮುಂದಿನ ಬುಧವಾರಕ್ಕೆ. ಅದಾದ ವಾರಕ್ಕೆ ಅನನ್ಯಾ ಕೆಲಸಕ್ಕೆ ಮರಳಬೇಕು. ಅಜ್ಜಿ ಹೊರಟುಹೋದರೆ ಮಗುವನ್ನು ಮಲಗಿಸುವವರು ಯಾರು? ಅಳಿಯ ಲೋಹಿತ್ ಮೆತ್ತಗೆ ಮಾತಾಡುವ ಹುಡುಗ. "ಜಾಗ ಬದಲಾದ್ರೆ ಅಭ್ಯಾಸಾನೂ ಬದಲಾಗುತ್ತೆ, ಅತ್ತೆ" ಎಂದು ಟಿಪ್ಪರರಿ ಕಡೆ ಒಂದು ಹಸುವಿನ ಫಾರ್ಮಿನಲ್ಲಿ ಮನೆ ಬುಕ್ ಮಾಡಿದ. ಮಗಳು ಕಾರಿನಲ್ಲೇ ಕರಾರು ಹಾಕಿದಳು.

"ಅಮ್ಮಾ, ಅಲ್ಲಿ ಪಾಪೂನ ಮಲಗ್ಸೋದು ನಾನು. ನೀನು ಮಧ್ಯ ಬರ್ಬಾರ್ದು."

"ನಾನ್ಯಾಕೆ ಬರ್ಲಿ? ನಂಗೇನು ಬೇರೆ ಕೆಲ್ಸ ಇಲ್ವಾ?" ಎಂದೆ. ಬೇರೆ ಕೆಲಸ ಇರಲಿಲ್ಲ.

ಫಾರ್ಮಿನ ಯಜಮಾನಿ ಬ್ರೀಡಾ, ನನ್ನದೇ ವಯಸ್ಸಿನವಳು. ಮೊಣಕಾಲುದ್ದದ ರಬ್ಬರ್ ಬೂಟು, ಗಲ್ಲಕ್ಕೆ ಜಾರಿದ ಮಾಸ್ಕು. ಮೊಟ್ಟೆ ತುಂಬಿದ ಬುಟ್ಟಿಯನ್ನು ಗೋಡೆಯ ಮೇಲಿಟ್ಟು, ಪಕ್ಕದಲ್ಲಿ ಸ್ಯಾನಿಟೈಸರ್ ಬಾಟಲಿ ಇಟ್ಟು, ದೂರ ಸರಿದು ನಿಂತಳು. ನಾವು ಏನು ಹೇಳಿದರೂ "ಗ್ರ್ಯಾಂಡ್" ಎನ್ನುತ್ತಿದ್ದಳು. ಮಳೆ ಬಂದರೂ ಗ್ರ್ಯಾಂಡ್, ನಿಂತರೂ ಗ್ರ್ಯಾಂಡ್. ಆಮೇಲೆ ಇಳಾಳನ್ನು ಕಂಡು ಕೆನ್ನೆಗೆ ಕೈ ಕೊಟ್ಟುಕೊಂಡು "ಗಾರ್ಜಸ್! ಗಾರ್ಜಸ್!" ಎಂದಳು. ಹುಟ್ಟಿದಾಗಿನಿಂದ ಹೊರಗಿನವರ ಕಣ್ಣಿಗೆ ಬೀಳದ ಮಗು, ಯಾರಾದರೂ ಹಾಗೆ ಬಾಯಿ ತುಂಬ ಹೊಗಳುವುದೇ!

ಆ ಮಧ್ಯಾಹ್ನ ಇಳಾ ಮಲಗಲಿಲ್ಲ. ಅನನ್ಯಾ ಕೋಣೆಯ ಬಾಗಿಲು ಹಾಕಿಕೊಂಡು ಹೆಣಗಾಡಿದಳು, ನಾನು ಹೊರಗೆ ಬಾಗಿಲಿಗೆ ಕಿವಿ ಕೊಟ್ಟು ಕೂತೆ. ಅಳು ಜೋರಾಗುತ್ತಲೇ ಮಗಳು ಕಂಗಾಲಾಗಿ ಹೊರಗೆ ಬಂದಳು. ಕಾರಿನ ದಾರಿ, ಹೊಸ ಜಾಗ, ಹುಂಜದ ಕೂಗು, ಕಾರಣ ನೂರಿದ್ದವು. ನಾನು ಒಂದನ್ನೇ ಹಿಡಿದೆ.

"ದೃಷ್ಟಿ ಆಗೈತೆ ಮಗೂಗೆ. ಇವತ್ತು ತೆಗೀಲೇಬೇಕು."

"ಅಮ್ಮಾ, ಪ್ಲೀಸ್" ಎಂದಳು ಅನನ್ಯಾ.

ಸ್ವೋರ್ಡ್ಸ್ ಮನೆಯಲ್ಲಿ ದೃಷ್ಟಿ ತೆಗೆಯಲು ಆಗಿರಲಿಲ್ಲ. ಕರೆಂಟಿನ ಒಲೆ, ಒಗ್ಗರಣೆ ಸಿಡಿದರೂ ಕಿರುಚುವ ಅಲಾರಮ್ಮು. ಇಲ್ಲಿ ಅಡುಗೆಮನೆಯಲ್ಲಿ ಹಳೆಯ ಕಬ್ಬಿಣದ ಒಲೆ, ಒಳಗೆ ನಿಗಿನಿಗಿ ಕೆಂಡ. ಕೆಂಡ ನೋಡಿ ಎಷ್ಟು ಕಾಲವಾಗಿತ್ತು! ಚಿತ್ರಾನ್ನಕ್ಕೆಂದು ತಂದಿದ್ದ ಗುಂಟೂರು ಮೆಣಸಿನಕಾಯಿ, ಉಪ್ಪು, ಸಾಸಿವೆ ಮುಷ್ಟಿ ತುಂಬ ಹಿಡಿದು ಮಗುವಿಗೆ ಇಳಿ ತೆಗೆದೆ. "ನಾಯಿ ಕಣ್ಣು, ನರಿ ಕಣ್ಣು, ಹೋದೋರ ಕಣ್ಣು, ಬಂದೋರ ಕಣ್ಣು" ಎಂದು ನಿವಾಳಿಸಿ ಕೆಂಡಕ್ಕೆ ಹಾಕಿದೆ. ಒಲೆಯ ಬಾಗಿಲು ಮುಚ್ಚಿದ್ದರೆ ಹೊಗೆ ಚಿಮಣಿ ಹತ್ತಿ ಹೋಗುತ್ತಿತ್ತು. ಆದರೆ ದೃಷ್ಟಿ ಇದ್ದರೆ ಘಾಟು ಬರುವುದಿಲ್ಲ, ಇಲ್ಲದಿದ್ದರೆ ಬರುತ್ತದೆ ಎಂಬುದು ನಮ್ಮ ಕಡೆಯ ಲೆಕ್ಕ. ನನಗೆ ಆ ಬ್ರೀಡಾಳ ಕಣ್ಣು ಸಾಬೀತಾಗಬೇಕಿತ್ತು. ಬಾಗಿಲು ತೆರೆದಿಟ್ಟು, ಮೂಗನ್ನು ಒಲೆಯೊಳಕ್ಕೇ ಒಡ್ಡಿ ಉಸಿರೆಳೆದೆ.

ಘಾಟು ಬಂತು. ಬಂತು ಎಂದರೆ ಸಾಲದು. ಕಣ್ಣು, ಮೂಗು, ಗಂಟಲು ಎಲ್ಲ ಒಟ್ಟಿಗೆ ಹೊತ್ತಿಕೊಂಡವು. ಲೋಹಿತ್ ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದ, ಅನನ್ಯಾ ಕಿಟಕಿಗಳನ್ನೆಲ್ಲ ತೆರೆದಳು. ನಾನು ಹೊಸ್ತಿಲ ಮೇಲೆ ಬಗ್ಗಿ ಕೆಮ್ಮುತ್ತಿದ್ದೆ. ಆ ವರ್ಷ ಜನರೆದುರು ಕೆಮ್ಮುವುದೆಂದರೆ ಜೇಬಿನಿಂದ ಹಾವು ತೆಗೆದು ಬಿಟ್ಟಂತೆ. ಸದ್ದು ಕೇಳಿ ಬಂದ ಬ್ರೀಡಾ ಗಲ್ಲದ ಮಾಸ್ಕನ್ನು ಮೊದಲ ಸಲ ಮೂಗಿಗೇರಿಸಿದಳು.

ಲೋಹಿತ್ ದೂರದಿಂದಲೇ ಅವಳಿಗೆ ವಿವರಿಸಿದ. ಅಳಿಯನ ಬಾಯಲ್ಲಿ ನನ್ನ ಶಾಸ್ತ್ರ ಇಂಗ್ಲಿಷಿನಲ್ಲಿ ಕೇಳುತ್ತಾ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅವಳು ಬೈಯಲಿಲ್ಲ. ತನ್ನ ಅಜ್ಜಿಯೂ ಹೀಗೇ ಇದ್ದಳಂತೆ. ಯಾರಾದರೂ ಮಗುವನ್ನು ಹೊಗಳಿದರೆ "ದೇವರು ಕಾಪಾಡಲಿ" ಎನ್ನಿಸದೆ ಮನೆಯಿಂದ ಬಿಡುತ್ತಿರಲಿಲ್ಲವಂತೆ. ಹಾಗೆಂದು ಹೇಳಿ, ಇಳಾಳ ಕಡೆ ನೋಡಿ ಆ ಮಾತನ್ನು ಈಗ ಸೇರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ಕೆಮ್ಮು ನಿಲ್ಲುವವರೆಗೂ ಮಗುವಿನಿಂದ ದೂರ ಇರುವುದು ಒಳ್ಳೆಯದು ಎಂದಳು.

"ಮೆಣಸಿನಕಾಯಿ ಕೆಮ್ಮು ಕಣಪ್ಪಾ, ನೀನೇ ನೋಡಿದ್ಯಲ್ಲ" ಎಂದೆ ಅಳಿಯನಿಗೆ.

"ಗೊತ್ತು ಅತ್ತೆ. ಆದ್ರೂ ನೀವು ಇವತ್ತೊಂದಿನ ಪಕ್ಕದ ರೂಮಲ್ಲಿರಿ. ಬುಧವಾರ ಫ್ಲೈಟ್ ಬೇರೆ ಇದೆ."

ಮಾಡಿದ್ದುಣ್ಣೋ ಮಹರಾಯ. ಮಗಳು ತಿಂಗಳುಗಟ್ಟಲೆ ಕೇಳಿದರೂ ಬಿಟ್ಟುಕೊಡದ ಮಗುವನ್ನು ಒಂದು ಮುಷ್ಟಿ ಮೆಣಸಿನಕಾಯಿ ಬಿಡಿಸಿತು. ಕೋಣೆಯಲ್ಲಿ ಒಬ್ಬಳೇ ಕೂತೆ. ಕಿಟಕಿಯಾಚೆ ಬ್ರೀಡಾಳ ಹಸುಗಳು ಹುಲ್ಲು ಮೇಯುತ್ತಿದ್ದವು. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗುವುದಿಲ್ಲ ಎಂದುಕೊಂಡ ಅಜ್ಜಿಯ ಕಥೆಯನ್ನು ಅನನ್ಯಾಳಿಗೆ ಚಿಕ್ಕವಳಿದ್ದಾಗ ನಾನೇ ಹೇಳಿದ್ದೆ. ಆ ಅಜ್ಜಿಯನ್ನು ಕುರಿತು ಇಬ್ಬರೂ ಎಷ್ಟು ನಕ್ಕಿದ್ದೆವು.

ಸಂಜೆ ಇನ್ನೂ ಬಿಸಿಲಿತ್ತು. ಪಕ್ಕದ ಕೋಣೆಯಲ್ಲಿ ಇಳಾ ಅಳತೊಡಗಿದಳು. ಗೋಡೆಗೆ ಕಿವಿ ಕೊಟ್ಟೆ. ಅನನ್ಯಾ ಏನೇನೋ ಇಂಗ್ಲಿಷ್ ಹಾಡು ಹಾಡಿದಳು, ಅಳು ನಿಲ್ಲಲಿಲ್ಲ. ನನ್ನ ಕಾಲುಗಳು ತಾವಾಗಿಯೇ ಅಲ್ಲಾಡುತ್ತಿದ್ದವು. ಎದ್ದು ಬಾಗಿಲ ಹಿಡಿಗೆ ಕೈ ಹಾಕಿದೆ. ಕೆಮ್ಮು ಉಕ್ಕಿತು, ಸೆರಗು ಬಾಯಿಗೆ ತುರುಕಿಕೊಂಡು ನಿಂತೆ. ಅಷ್ಟರಲ್ಲಿ ಮಗಳ ದನಿ ಬದಲಾಯಿತು. ನನ್ನ ಬಸ್ಸಿನ ರೂಟು ಕೇಳಿ ಸದಾ ನಗುತ್ತಿದ್ದವಳು ಮೆಲ್ಲಗೆ ಅದನ್ನೇ ಹಿಡಿದಿದ್ದಳು.

"ಮೈಸೂರು... ಶ್ರೀರಂಗಪಟ್ಟಣ... ಮಂಡ್ಯ... ಚನ್ನಪಟ್ಟಣ..."

ಮದ್ದೂರು! ಮಂಡ್ಯ ಆದ ಮೇಲೆ ಮದ್ದೂರು ಬಿಟ್ಟು ಯಾವ ಬಸ್ಸು ಹೋಗುತ್ತದೆ? ಸಣ್ಣವಳಿದ್ದಾಗ ವಡೆ ಕೊಡಿಸದಿದ್ದರೆ ಬಸ್ಸೇ ಹತ್ತದೆ ರಂಪ ಮಾಡುತ್ತಿದ್ದವಳು ಮದ್ದೂರನ್ನೇ ಮರೆತಳಲ್ಲ! ಕೌಂಟರಿನಲ್ಲಿದ್ದಿದ್ದರೆ ಕಿಂಡಿ ಹಾರಿಹೋಗುವಂತೆ ಗದರುತ್ತಿದ್ದೆ. ಬಾಯಿ ತೆರೆದೂಬಿಟ್ಟೆ. ಒಳಗೆ ಅಳು ಮುಲುಕಾಗಿ, ಮುಲುಕು ಉಸಿರಾಗಿ ಇಳಿಯಿತು. ಅನನ್ಯಾ ಎರಡನೇ ಸಲ ಹೇಳಿದಳು, ಮತ್ತೆ ಮದ್ದೂರಿಲ್ಲದೆ. ರಾಮನಗರ ತಲುಪುವ ಮೊದಲೇ ಇಳಾ ಮಲಗಿದ್ದಳು. ಸುತ್ತು ಎರಡನೆಯದಾದರೇನು, ನನ್ನ ಕಾಲ ಮೇಲೆ ಬಿಡದಿವರೆಗೂ ಬೇಕಾಗುತ್ತಿತ್ತು.

ಸಮಾಧಾನವಾಯಿತು. ಅದರ ಹಿಂದೆಯೇ ಸಂಕಟವೂ ಬಂತು. ಬಿಕ್ಕಿ ಬಿಕ್ಕಿ ಅತ್ತೆ.

ಬಾಗಿಲು ಮೆಲ್ಲನೆ ತೆರೆಯಿತು. ಅನನ್ಯಾ ತುದಿಗಾಲಲ್ಲಿ ನನ್ನ ಕೋಣೆಗೆ ಬಂದು ನನ್ನ ಕೆಂಪು ಕಣ್ಣು ನೋಡಿದಳು.

"ಇನ್ನೂ ಘಾಟಾ ಅಮ್ಮಾ?"

"ಹೂಂ ಕಣೇ, ಹಾಳು ಗುಂಟೂರು."

"ಮಲಗಿದ್ಲಮ್ಮಾ, ನಾನೇ ಮಲಗ್ಸ್ದೆ! ಊರುಗಳೆಲ್ಲ ಸರಿಯಾಗಿ ಹೇಳಿದ್ನಾ?"

"ಗ್ರ್ಯಾಂಡ್" ಎಂದೆ.

ಬುಧವಾರ ನಾನು ವಿಮಾನ ಹತ್ತಿದೆ. ಈಗ ಮೈಸೂರಿನಲ್ಲಿ ಕೂತು ಸಂಜೆ ಹೊತ್ತು ಫೋನಿನಲ್ಲಿ ಅವರ ಬಸ್ಸಿನ ಸದ್ದು ಕೇಳುತ್ತೇನೆ. ಮಂಡ್ಯ ಬಂದಾಗ ಸೆರಗು ಬಾಯಿಗೆ ಹಿಡಿಯುತ್ತೇನೆ, ಚನ್ನಪಟ್ಟಣ ಬಂದ ಮೇಲೆ ತೆಗೆಯುತ್ತೇನೆ.