ಗಾಜಕ್ಕನ ವರ್ಗದ ಆದೇಶ

ನಮ್ಮ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರಿಗೆ ನಾವಿಟ್ಟ ಹೆಸರು ಗಾಜಕ್ಕ. ಈಥರ್ ವಾಸನೆಗೆ ಅವರಿಗೆ ದಿನಾ ತಲೆ ಸಿಡಿಯುತ್ತದೆ. ಲೈಬ್ರರಿಗೆ ಹಾಕಿ ಎಂದು ಹನ್ನೊಂದು ವರ್ಷ ಅರ್ಜಿ ಕೊಟ್ಟರು. ಈ ಸಲ ಆದೇಶ ಬಂತು ಕಣ್ರೀ! ವಿಭಾಗದ ಮೇಷ್ಟ್ರ ಸಹಿಯೊಂದೇ ಬಾಕಿ.

ಮೇಷ್ಟ್ರು ಪೆನ್ನು ತೆಗೆದವರು, ಬುಡದಲ್ಲಿ ನಲ್ಲಿಯಿರುವ ಗಾಜಿನ ಆಲಿಕೆ, ಒಂದು ಸೆಪರೇಟಿಂಗ್ ಫನಲ್ ಮುಂದಿಟ್ಟರು. ತೊಳೆದವರ್ಯಾರೋ ನಲ್ಲಿಯ ಸಂದಿಗೆ ಕಾಗದದ ಚೂರು ಇಡದೆ ಎತ್ತಿಟ್ಟಿದ್ದರಿಂದ, ಗಾಜಿನ ನಲ್ಲಿ ಗಾಜಿಗೇ ಕಚ್ಚಿಕೊಂಡಿತ್ತು.

"ಇದೊಂದು ಬಿಡಿಸ್ಕೊಟ್ಟು ಹೋಗಮ್ಮ. ನಾನು ಮುಟ್ಟಿದ್ರೆ ಒಡ್ದೇ ಹೋಗುತ್ತೆ."

ನಾನು ಗಾಜಕ್ಕನ ಕಿವಿಯಲ್ಲಿ ಪಿಸುಗುಟ್ಟಿದೆ. "ಅಕ್ಕಾ, ಒಡೆದ್ಬಿಡಿ! ಇವ್ರಿಂದ್ಲೂ ಆಗಲ್ಲ ಅಂತ ಕಳಿಸ್ಬಿಡ್ತಾರೆ."

"ಸುಮ್ನಿರೇ, ನಂಗೂ ಅದೇ ಆಸೆ."

ಆದರೆ ಬೆರಳು ಮಾತು ಕೇಳಬೇಕಲ್ಲ! ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ನಲ್ಲಿಯ ಸುತ್ತ ಹಿಡಿದರು, ಮರದ ತುಂಡಿನಿಂದ ಮೆಲ್ಲಗೆ ತಟ್ಟಿದರು, ಮಗುವಿನ ಮುಷ್ಟಿ ಬಿಡಿಸುವ ಹಾಗೆ ತಿರುಗಿಸಿದರು. ನಲ್ಲಿ ಬಿಟ್ಟುಕೊಂಡಿತು.

ಮೇಷ್ಟ್ರ ಮುಖ ಅರಳಿತು. "ನೋಡಮ್ಮ, ನೀನಿಲ್ದೆ ಈ ಲ್ಯಾಬಿಗೆ ಯಾರು ಗತಿ? ಮುಂದಿನ ವರ್ಷ ನೋಡೋಣ." ಆದೇಶ ಡ್ರಾಯರ್ ಸೇರಿತು.

ಗಾಜಕ್ಕ ಜೇಬಿನಲ್ಲಿದ್ದ ತಮ್ಮ ಅರ್ಜಿಯ ನಕಲಿನಿಂದ ಒಂದು ಚೂರು ಹರಿದು, ನಲ್ಲಿಯ ಸಂದಿಗಿಟ್ಟು, ಫನಲನ್ನು ಕಪಾಟಿನಲ್ಲಿ ಇಟ್ಟರು.